ಡಿಕ್ಕಿಯಲ್ಲಿದ್ದ ಮಟ್ಟುಗುಳ್ಳ

ಈ ಸಲ ನಾನು ಮ್ಯಾನೇಜರ್ ಆಗುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮುಖ್ಯವಾಗಿ ನನಗೆ. ಪ್ರಪಂಚದ ಅರ್ಧ ದೇಶಗಳಲ್ಲಿ ಆಫೀಸಿರುವ ಆಡಿಟ್ ಸಂಸ್ಥೆಯೊಂದರ ಮಣಿಪಾಲ ಶಾಖೆಯಲ್ಲಿ ಕತ್ತೆಯ ಹಾಗೆ ದುಡಿದವನು ನಾನು. ನಮ್ಮಲ್ಲಿ ದುಡಿಮೆಗಿಂತ ದೊಡ್ಡದು ನಿಯಮ: ಆಡಿಟ್‌ಗೆ ಹೋದ ಕಂಪೆನಿಯಿಂದ ಚಹಾ ಬಿಟ್ಟು ಬೇರೇನೂ ಮುಟ್ಟಬಾರದು. ನಾನೋ, ಚಹಾದ ಜೊತೆ ಬಂದ ಬಿಸ್ಕತ್ತನ್ನೂ ವಾಪಸ್ ಕಳುಹಿಸುವವನು!

ಆ ದಿನ ಕಾರ್ಕಳದ ಗೇರುಬೀಜದ ಫ್ಯಾಕ್ಟರಿಯೊಂದರಲ್ಲಿ ಆಡಿಟ್. ನನ್ನ ಬಡ್ತಿಗೆ ಸಹಿ ಹಾಕಬೇಕಾದ ದೊಡ್ಡ ಸಾಹೇಬರು, ಅಂದರೆ ನಮ್ಮ ಪಾರ್ಟ್ನರ್, ಬೆಂಗಳೂರಿನಿಂದ ಬಂದಿದ್ದರು. ಮಧ್ಯಾಹ್ನ ಹೊರಡುವ ಮೊದಲು ನನ್ನ ಕಾರಿನ ಕೀ ತೆಗೆದುಕೊಂಡು ಹೋದರು, ಹಿಂದೆ ತಂದುಕೊಟ್ಟರು, ಏನೋ ಹೇಳಿದರು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಶೂರ್ ಸರ್" ಎಂದೆ. ಪಾರ್ಟ್ನರ್ ಬಾಯಿ ತೆರೆದರೆ ನಮ್ಮ ಬಾಯಿಯಿಂದ ಅದು ತಾನಾಗಿ ಬರುತ್ತದೆ. ಅವರು ಹೇಳಿದ್ದನ್ನು ಕೇಳಿಸಿಕೊಳ್ಳಬೇಕೆಂಬ ನಿಯಮ ಇರಲಿಲ್ಲ.

ಸಂಜೆ ಕಟಪಾಡಿಯ ಮನೆಯಲ್ಲಿ ಹೆಂಡತಿ ಶೈಲಾ ಕಾರಿನ ಡಿಕ್ಕಿ ತೆರೆದಳು. ಒಳಗೆ ಚೀಲ ತುಂಬ ಮಟ್ಟುಗುಳ್ಳ, ಎಳೆಯ ಹಸಿರು ಬದನೆಗಳು.

"ಹೇಳದೆಯೇ ಗುಳ್ಳ ತಂದಿದ್ದೀರಿ! ನಾಳೆ ಹುಳಿ ಮಾಡ್ತೇನೆ."

"ಮುಟ್ಟಬೇಡ. ಇದು ಲಂಚ. ಫ್ಯಾಕ್ಟರಿಯ ಮಾಲೀಕ ಪ್ರಭುಗಳದ್ದೇ ಕೆಲಸ."

"ಎಂತ ಮಾರಾಯ್ರೆ, ಬದನೆಯಲ್ಲಿ ಲಂಚ ಕೊಡ್ತಾರಾ? ಅವರ ಹತ್ತಿರ ಗೇರುಬೀಜ ಉಂಟಲ್ವಾ?"

ಅದೇ ಅವರ ಜಾಣತನ ಎಂದು ವಿವರಿಸಿದೆ. ಕೂಡಲೇ ಸಂಸ್ಥೆಯ ನೀತಿ ವಿಭಾಗಕ್ಕೆ ಫೋಟೋ ಸಮೇತ ಮೇಲ್ ಹಾಕಿದೆ. ನನ್ನ ಪ್ರಾಮಾಣಿಕತೆಗೆ ನನಗೇ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಚೀಲ ಹೊತ್ತು ಪ್ರಭುಗಳ ಮೇಜಿನ ಮೇಲಿಟ್ಟೆ.

"ಇದು ನನ್ನದಲ್ಲ ಸರ್."

"ಎಲ್ಲರೂ ಹಾಗೇ ಹೇಳುವುದು ಪ್ರಭುಗಳೇ."

"ದೇವರಾಣೆ ನನ್ನದಲ್ಲ. ನನಗೆ ಬದನೆ ತಿಂದರೆ ಮೈ ತುರಿಸ್ತದೆ."

ನಾನು ಬಿಡಲಿಲ್ಲ. ವೃತ್ತಿಧರ್ಮದ ಬಗ್ಗೆ ಸಣ್ಣ ಭಾಷಣ ಮಾಡಿದೆ. ಅದು ದೊಡ್ಡದಾಗುವ ಲಕ್ಷಣ ಕಂಡು ಪಾಪ, ಅವರು ಚೀಲವನ್ನು ಕ್ಯಾಂಟೀನಿಗೆ ಕಳುಹಿಸಿಬಿಟ್ಟರು.

ಗಂಟೆ ಹನ್ನೊಂದಾಗಿರಬಹುದು, ಪಾರ್ಟ್ನರ್ ಫೋನು.

"ಗುಳ್ಳ ನನ್ನ ಅತ್ತೆಯ ಮನೆಗೆ ಮುಟ್ಟಿಸಿದೆಯಾ ಮಾರಾಯ? ನಿನ್ನ ಡಿಕ್ಕಿಯಲ್ಲಿಟ್ಟು ಹೇಳಿದ್ದೆನಲ್ಲ. ನಾನೇ ಮಟ್ಟು ಊರಿಗೆ ಹೋಗಿ ತಂದದ್ದು. ಉಡುಪಿಯಲ್ಲಿ ಅವರು ತೆಂಗಿನಕಾಯಿ ತುರಿದಿಟ್ಟು ಕಾಯ್ತಾ ಇದ್ದಾರೆ."

"ಶೂರ್ ಸರ್" ಎಂದಿತು ನನ್ನ ಬಾಯಿ.

ಕ್ಯಾಂಟೀನಿಗೆ ಓಡಿದೆ. ಸಾಹೇಬರ ಅತ್ತೆಯ ಗುಳ್ಳ ದೊಡ್ಡ ಪಾತ್ರೆಯಲ್ಲಿ ಹುಳಿಯಾಗಿ ಕುದಿಯುತ್ತಿತ್ತು. "ಊಟ ಮಾಡಿಕೊಂಡೇ ಹೋಗಿ ಸರ್" ಎಂದರು ಅಡುಗೆಯವರು. ಘಮಘಮ ಪರಿಮಳ. ನಿಯಮದ ಪ್ರಕಾರ ಅದನ್ನೂ ತಿನ್ನುವ ಹಾಗಿಲ್ಲ!

ಮಧ್ಯಾಹ್ನ ನೀತಿ ವಿಭಾಗದ ಉತ್ತರ ಬಂತು. ಅವರು ಪ್ರಭುಗಳನ್ನೂ ವಿಚಾರಿಸಿದ್ದರು. 'ಕಂಪೆನಿಯವರು ತಮಗೆ ಏನೂ ಕೊಟ್ಟಿಲ್ಲ. ತಾವೇ ಅವರಿಗೆ ಒಂದು ಚೀಲ ತರಕಾರಿ ನೀಡಿರುವುದು ಕಂಡುಬಂದಿದೆ. ಕಾರಣ ತಿಳಿಸಿ.' ನಾಚಿಕೆಯಿಂದ ಹಿಡಿಯಾಗಿ ಹೋದೆ. ಪಾರ್ಟ್ನರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು ನಕ್ಕರು. ಕೆಟ್ಟ ನಗು ಅಲ್ಲ.

"ಹೋಗಲಿ ಬಿಡು. ಬಡ್ತಿಯ ಪಟ್ಟಿಯಲ್ಲಿ ನಿನ್ನ ಹೆಸರು ಹಾಗೇ ಉಂಟು. ಬಡ್ತಿಗೆ ಮೊದಲು ಎಲ್ಲರೂ ಬರೆಯುವ ಆ ಆನ್‌ಲೈನ್ ನೀತಿ ಪರೀಕ್ಷೆಯೊಂದು ಪಾಸ್ ಮಾಡು, ಸಾಕು."

ಎಂಥ ದೊಡ್ಡ ಮನಸ್ಸು! ಮುಂದಿನ ವಾರ ಸ್ನಾನ ಮಾಡಿ, ದೇವರಿಗೆ ಕೈಮುಗಿದು ಪರೀಕ್ಷೆಗೆ ಕುಳಿತೆ. ಎಲ್ಲ ಸುಲಭ. ಕೊನೆಯದು ಮಾತ್ರ ಹೊಸ ಪ್ರಶ್ನೆ, ಅದಕ್ಕೆ ಸರಿಯುತ್ತರ ಕಡ್ಡಾಯ ಬೇರೆ: 'ಕಂಪೆನಿಯವರು ಕೊಡದೇ ಇದ್ದ ತರಕಾರಿಯನ್ನು ಆಡಿಟರ್ ಆದವನು ಅವರಿಗೇ ಹಿಂದಿರುಗಿಸಿದರೆ, ಅದನ್ನು ಏನೆನ್ನುತ್ತಾರೆ?'

ನಾನು 'ಪ್ರಾಮಾಣಿಕತೆ' ಎಂಬುದನ್ನು ಒತ್ತಿದೆ.

ಫೇಲು.