ಬಿಡುವಿಲ್ಲದ ಡಿಸ್ಕು

ಜನನ ನೋಂದಣಿ ಕಚೇರಿಯ ಕಂಪ್ಯೂಟರಿನ ಡಿಸ್ಕು ಕರ್ತವ್ಯದ ವೇಳೆಯಲ್ಲಿ ಸುಮ್ಮನೆ ಕೂರುತ್ತಿದೆ ಎಂಬುದು ಅಧಿಕೃತವಾಗಿ ದೃಢಪಟ್ಟಿತು.

ದೃಢಪಡಿಸಿದ್ದು ಒಂದು ಕೌಂಟರು. ಕೌಂಟರೆಂದರೆ ಜನ ಜೋತುಬೀಳುವ ಕಿಟಕಿಯಲ್ಲ. ಡಿಸ್ಕಿನ ಕೆಲಸ ಹೇಗೆ ನಡೆದಿದೆಯೆಂದು ಪರದೆಯ ಮೇಲೆ ತೋರಿಸುವ ಅಂಕಿ. ಅಂಥವು ಹಲವಿದ್ದವು. ಗೋಡೆಯ ಪರದೆಗೆ ಒಂದನ್ನು ಆರಿಸಲು ಸಾಹೇಬರು ಸಭೆ ಕರೆದರು. ಕಚೇರಿಯವರೆಲ್ಲ ಮೌಸಪ್ಪ ಎಂದೇ ಕರೆಯುವ ಕಂಪ್ಯೂಟರಿನವನು, ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂಬ ಅಂಕಿ ಇರಲಿ ಎಂದ. ವಿಳಂಬವನ್ನು ಅಳೆಯುವ ಪದ್ಧತಿ ಈ ಕಚೇರಿಯಲ್ಲಿ ಹಿಂದೆಂದೂ ಇರಲಿಲ್ಲವಾದ್ದರಿಂದ ಅದನ್ನು ಕೈಬಿಡಲಾಯಿತು. ಬಾಕಿ ಕೆಲಸದ ಸಾಲನ್ನು ತೋರಿಸುವ ಅಂಕಿಯೂ ಬೇಡವಾಯಿತು. ಸಾಲು ನೋಡಬೇಕಾದವರು ಬಾಗಿಲು ತೆಗೆದರೆ ಸಾಕಿತ್ತು. ಕೊನೆಗೆ ಉಳಿದದ್ದು ‘ಬಿಡುವಿನ ವೇಳೆ’. ಅದು ಮುಕ್ಕಾಲು ಪಾಲು ದಾಟಿ ನಿಂತಿತ್ತು. ಸಾಹೇಬರ ಮೈ ಉರಿದುಹೋಯಿತು. ಆ ಕಚೇರಿಯಲ್ಲಿ ಬಿಡುವು ಅವರ ದರ್ಜೆಯವರಿಗೆ ಮಾತ್ರ ಮಂಜೂರಾಗಿತ್ತು.

“ಬಿಡುವಿದ್ರೇನೇ ಸಾರ್, ಕೇಳಿದ ತಕ್ಷಣ ಕೆಲಸ ಮಾಡಿಕೊಡೋದು,” ಎಂದ ಮೌಸಪ್ಪ.

“ಹಾಗಂತ ನಾನೂ ಹೇಳ್ತೀನಿ. ಯಾರಾದ್ರೂ ನಂಬ್ತಾರಾ?” ಎಂದರು ಸಾಹೇಬರು.

ಡಿಸ್ಕಿಗೆ ಕಾರಣ ಕೇಳಿ ನೋಟಿಸು ಅಂಟಿಸಲಾಯಿತು. ಉತ್ತರ ಬರಲಿಲ್ಲ. ಮೌನವನ್ನು ತಪ್ಪೊಪ್ಪಿಗೆಯೆಂದು ಪರಿಗಣಿಸಿ, ಹಳೆಯ ಕಡತಗಳನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹಗಲೂ ರಾತ್ರಿ ನಕಲು ಮಾಡುತ್ತಲೇ ಇರತಕ್ಕದ್ದೆಂದು ಆದೇಶವಾಯಿತು.

ಇದು ಶುದ್ಧ ಹುಚ್ಚಾಟವೆಂದು ಮೌಸಪ್ಪನಿಗೆ ಗೊತ್ತಿಲ್ಲದೆ ಇರಲಿಲ್ಲ. ಅವನ ಅಕ್ಕನ ಮಗಳ ಜನನ ಪತ್ರವೂ ಅದೇ ಡಿಸ್ಕಿನಿಂದ ಬರಬೇಕಿತ್ತು. ಪತ್ರವಿಲ್ಲದೆ ಮಗುವಿಗೆ ಶಾಲೆಯಲ್ಲಿ ಸೀಟಿಲ್ಲ. ಆದರೆ ಅವನ ಬಡ್ತಿ ಸಾಹೇಬರ ಕೈಯಲ್ಲಿತ್ತು ನೋಡಿ, ಮಹಾಶಯ ಬಾಯಿಗೆ ಬೀಗ ಹಾಕಿಕೊಂಡು ಆದೇಶ ಪಾಲಿಸಿದ.

ಬಿಡುವು ಸೊನ್ನೆಗಿಳಿಯಿತು. ಪತ್ರಗಳು ಬರುವುದೂ ನಿಂತಿತು. ದಕ್ಷತೆಗಾಗಿ ಸಾಹೇಬರಿಗೆ ಶಾಲು ಹೊದಿಸಿದರು, ಮೌಸಪ್ಪನಿಗೆ ಬಡ್ತಿಯಾಯಿತು. ಬೈಯಲೆಂದೇ ಬಂದ ಜನ ಕಿಟಕಿಯಿಂದ ಪರದೆ ನೋಡಿ, ಇಷ್ಟೊಂದು ದುಡಿಯುವ ಡಿಸ್ಕಿಗೆ ಇನ್ನೇನು ಹೇಳುವುದೆಂದು ಸುಮ್ಮನೆ ಮನೆಗೆ ಹೋದರು.

ಶಾಲೆಗೆ ಸೇರಿಸುವ ಕೊನೆಯ ದಿನ ಅಕ್ಕ ಮಗಳ ಕೈಹಿಡಿದು ಬಂದಳು. ಮೌಸಪ್ಪ ಅವಳ ಮುಖ ನೋಡಲಾರದೆ ಗೋಡೆಯತ್ತ ಕೈತೋರಿಸಿದ.

“ನೋಡಕ್ಕ, ಉಸಿರು ಬಿಡೋಕೂ ಪುರುಸೊತ್ತಿಲ್ಲ ಅದಕ್ಕೆ.”

ಅಕ್ಕ ಪರದೆಯನ್ನು ನೋಡಿದಳು, ಮಗಳನ್ನು ನೋಡಿದಳು.

“ಹೌದಲ್ವೇನೋ, ಪಾಪ,” ಎಂದಳು. “ಇರ್ಲಿ ಬಿಡು. ಇವಳು ಮುಂದಿನ ವರ್ಷ ಹುಟ್ಟಲಿ.”