ಬಾಟಲಿಗೆ ಬಾರದ ಮೋಡ

ಭಾನುವಾರ ಬೆಳಿಗ್ಗೆ ಹಾಡಿನ ಕ್ಲಾಸಿಗೆ ಓಡುವ ಅವಸರದಲ್ಲಿ ಮಗಳು ಬಾಗಿಲಿನಿಂದಲೇ ಕೂಗಿದಳು: "ಅಪ್ಪಾ, ನಾಳೆ ನಾನು ಬಾಟಲಿಯೊಳಗೆ ಮೋಡ ಮಾಡಿ ತೋರಿಸ್ಬೇಕು. ನಮ್ಮಪ್ಪಂಗೆ ಅದೆಲ್ಲ ನೀರು ಕುಡಿದಷ್ಟು ಸುಲಭ ಅಂತ ಮಿಸ್‌ಗೆ ಹೇಳ್ಬಿಟ್ಟಿದೀನಿ. ನಾನು ಬರೋದ್ರೊಳಗೆ ಒಂದ್ಸಲ ಮಾಡಿ ನೋಡಿರು!"

ಗುಮಾಸ್ತರ ಬಾಯಲ್ಲಿ ಬ್ರಷ್ಷು ಹಾಗೇ ನಿಂತಿತು. ಅವರು ಹವಾಮಾನ ಕಚೇರಿಯವರು, ನಿಜ. ಆದರೆ ಅಲ್ಲಿ ಅವರ ಕೆಲಸ ಯಾರೋ ಬರೆದುಕೊಟ್ಟ ವರದಿಯನ್ನು ತಪ್ಪಿಲ್ಲದೆ ಟೈಪು ಮಾಡುವುದಷ್ಟೇ. ಇಪ್ಪತ್ತು ವರ್ಷದಿಂದ ಹೇಳಿದರೂ ಇದು ಅವರು ವಾಸವಿದ್ದ ಕಟ್ಟಡದ ಒಬ್ಬರ ತಲೆಗೂ ಹೋಗಿರಲಿಲ್ಲ. ಒಣಹಾಕಿದ ಬಟ್ಟೆ ನೆನೆದರೆ ಬಂದು ಅವರ ಬಾಗಿಲು ಬಡಿಯುತ್ತಿದ್ದರು. ಬಿಸಿಲು ಜಾಸ್ತಿಯಾದರೆ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಜಗಳ ತೆಗೆಯುತ್ತಿದ್ದರು. ಬೆನ್ನ ಹಿಂದೆ 'ಮಳೆರಾಯ' ಅನ್ನುತ್ತಿದ್ದುದೂ ಗೊತ್ತಿತ್ತು. ಅದನ್ನು ನೆನೆಸಿಕೊಂಡರೆ ಸಾಕು, ಕಿವಿ ಕೆಂಪಗಾಗುತ್ತಿತ್ತು.

ಮಗಳ ಪುಸ್ತಕ ತೆರೆದರು. ಗಾಜಿನ ಬಾಟಲಿಗೆ ಬಿಸಿನೀರು, ಮುಚ್ಚಳದ ಮೇಲೆ ಐಸು. ಅದರ ಮುಂದಿನ ಸಾಲಿನ ಮೇಲೆ ಮಗಳು ಶಾಯಿ ಚೆಲ್ಲಿದ್ದಳು. ಇಷ್ಟೇ ತಾನೇ ಎಂದುಕೊಂಡು ಸಕ್ಕರೆ ಬಾಟಲಿ ಖಾಲಿ ಮಾಡಿ ಕುದಿಯುವ ನೀರು ಸುರಿದರು. ಟಪ್ಪೆಂದು ಬಾಟಲಿ ಎರಡಾಯಿತು.

"ಅಯ್ಯೋ, ನನ್ನ ಸಕ್ಕರೆ ಬಾಟಲಿ!" ಹೆಂಡತಿ ಕಿರುಚಿದಳು.

ಕಿರುಚಾಟಕ್ಕೆ ಎದುರು ಮನೆಯ ದರ್ಜಿ ಹಾಜರಾದ. ವಿಷಯ ತಿಳಿದದ್ದೇ ತಡ, ಗುಂಡಿ ತುಂಬಿಡುತ್ತಿದ್ದ ತನ್ನ ದಪ್ಪ ಬಾಟಲಿ ತಂದುಕೊಟ್ಟು, ಹಾಗೇ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸಿಬಂದ. ಮಹಡಿ ಮನೆಯ ಅಜ್ಜಿ ಇಳಿದು ಬಂದರು. ಅವರ ಹಿಂದೆಯೇ ಕೈಚೀಲ ಹಿಡಿದ ಒಬ್ಬ ಹೆಂಗಸು ಒಳಗೆ ಬಂದು ಸುಮ್ಮನೆ ಗೋಡೆ ಪಕ್ಕ ನಿಂತರು. ಅಜ್ಜಿಯ ಮನೆಗೆ ಬಂದ ನೆಂಟರಿರಬೇಕೆಂದುಕೊಂಡ ಗುಮಾಸ್ತರು, ಇವರೊಬ್ಬರು ಬಾಕಿಯಿದ್ದರು ಎಂದು ಹಲ್ಲು ಕಡಿದರು.

ಮತ್ತೆ ಬಿಸಿನೀರು ಹುಯ್ದರು. ಮುಚ್ಚಳದ ಮೇಲೆ ಐಸು ಇಟ್ಟರು. ಅಜ್ಜಿ ಅದರಲ್ಲಿ ಎರಡು ತುಂಡು ಎತ್ತಿ ತಮ್ಮ ಮಂಡಿಗೆ ಒತ್ತಿಕೊಂಡರು.

"ಅಜ್ಜೀ, ಅದು ಮೋಡಕ್ಕೆ!"

"ಮಂಡಿ ನೋವೂ ನಿನ್ನ ಮಳೆಯಿಂದ್ಲೇ ಬಂದಿದ್ದು ಕಣಪ್ಪಾ."

ಹತ್ತು ನಿಮಿಷವಾಯಿತು. ಬಾಟಲಿ ಗುಮಾಸ್ತರ ಹಣೆಯಂತೆ ಬೆವರಿತು. ಮೋಡದ ಸುಳಿವಿಲ್ಲ.

"ಮಳೆ ಬರುತ್ತೆ ಅಂದ ದಿನವೇ ನಿಮ್ಮ ಮೋಡ ಬಂದಿಲ್ಲ, ಇವತ್ತು ಬರುತ್ತಾ ಸ್ವಾಮಿ?" ಎಂದ ದರ್ಜಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿಯೂ ನಕ್ಕಳು.

ಗೋಡೆ ಪಕ್ಕದ ಹೆಂಗಸು ಮಾತ್ರ ನಗಲಿಲ್ಲ. "ಒಂದು ಬೆಂಕಿಕಡ್ಡಿ ಗೀರಿ, ಆರಿಸಿ, ಒಳಗೆ ಹಾಕಿ," ಎಂದರು ಮೆಲ್ಲಗೆ. "ಹೊಗೆಯ ಕಣ ಇಲ್ದಿದ್ರೆ ನೀರಾವಿಗೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ."

ಗುಮಾಸ್ತರ ಇಪ್ಪತ್ತು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು.

"ಯಾರ್ರೀ ನೀವು ನನಗೆ ಪಾಠ ಹೇಳೋಕೆ? ಹವಾಮಾನ ಕಚೇರಿಯವನು ನಾನೋ ನೀವೋ? ಹತ್ತು ವರ್ಷದ ಮಗೂಗೆ ಮೋಡ ಮಾಡು ಅಂದಳಲ್ಲ ಆ ಮಿಸ್ಸು, ಕೈಗೆ ಸಿಗ್ಲಿ! ಅವಳನ್ನೇ ಬಾಟಲಿಗೆ ತುಂಬಿ ಮುಚ್ಚಳ ಹಾಕ್ತೀನಿ! ನಡೀರಿ ಎಲ್ರೂ ಆಚೆ!"

ಕಿಟಕಿ ಗಾಜು ಅದುರಿತು. ಅಜ್ಜಿ ಮಂಡಿ ನೋವು ಮರೆತು ಓಡಿದರು. ದರ್ಜಿಯ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಆ ಹೆಂಗಸೂ ಚೀಲ ಎತ್ತಿಕೊಂಡು ಹೋದರು.

ಬಾಗಿಲಿಗೆ ಚಿಲಕ ಹಾಕಿ ಗುಮಾಸ್ತರು ಬುಸುಗುಟ್ಟುತ್ತ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಅತ್ತ ತಿರುಗಿದ್ದಾಗ ಕಳ್ಳನ ಹಾಗೆ ಒಂದು ಕಡ್ಡಿ ಗೀರಿ, ಆರಿಸಿ, ಒಳಗೆ ಹಾಕಿ ಮುಚ್ಚಿದರು.

ಬಾಟಲಿಯೊಳಗೆ ಬೆಳ್ಳಗೆ, ಮೆತ್ತಗೆ ಮೋಡವೊಂದು ಹೊರಳಿತು. ಮುಚ್ಚಳ ತೆಗೆದರೆ ಮೇಲೆದ್ದು ಅವರ ಕನ್ನಡಕವನ್ನೇ ಮುಸುಕಿತು. ಎಷ್ಟೋ ವರ್ಷದಿಂದ ದಿನವೂ 'ಮೋಡ' ಎಂದು ಟೈಪು ಮಾಡುತ್ತಿದ್ದ ಮನುಷ್ಯ ಮೊದಲ ಸಲ ಒಂದನ್ನು ಕೈಯಾರೆ ಮಾಡಿದ್ದರು. ಸಿಟ್ಟೆಲ್ಲ ಜರ್ರನೆ ಇಳಿಯಿತು.

ಅಷ್ಟರಲ್ಲಿ ಮಗಳು ಬಾಗಿಲು ಬಡಿದಳು.

"ಅಪ್ಪಾ, ನಿನ್ನ ಮೋಡ ನೋಡೋಕೆ ಮಿಸ್ ನಮ್ಮನೆಗೆ ಬಂದಿದ್ರಂತೆ! ಕೆಳಗೆ ಸಿಕ್ಕಿದ್ರು, ಚೀಟಿ ಕೊಟ್ಟಿದಾರೆ."

ಗುಮಾಸ್ತರು ಕನ್ನಡಕ ಒರೆಸಿಕೊಂಡು ಚೀಟಿ ಬಿಡಿಸಿದರು.

"ನಿಮ್ಮ ದನಿ ಕೊನೆಯ ಬೆಂಚಿನವರೆಗೂ ಕೇಳುತ್ತದೆ. ನಾಳೆ ಎಂಟೂವರೆಗೆ ಆರುನೂರು ಮಕ್ಕಳ ಮುಂದೆ ನೀವೇ ಮೋಡ ಮಾಡಿ ತೋರಿಸಬೇಕು. ನಾನು ಹಿಡಿಸುವಷ್ಟು ದೊಡ್ಡ ಬಾಟಲಿ ತನ್ನಿ."