ಟೀವಿಯ ಒತ್ತುವರಿ

ನೀವು ಏನೇ ಹೇಳಿ, ಟೀವಿಯ ಮೇಲೆ ಒತ್ತುವರಿ ಆರೋಪ ಹೊರಿಸಿದ ಸರ್ವೆಯರ್ ನಮ್ಮ ಹೊಳಲ್ಕೆರೆಯಲ್ಲಂತೂ ನಮ್ಮ ಭಾವನವರೊಬ್ಬರೇ! ಇವರು ನನ್ನ ಯಜಮಾನರ ಅಣ್ಣ. ತಾಲ್ಲೂಕಿನ ಹೊಲಗಳಲ್ಲೆಲ್ಲ ಸರಪಳಿ ಎಳೆಸಿ ನಿವೃತ್ತರಾದವರು. ನಿವೃತ್ತಿಯಾದದ್ದು ಸರ್ಕಾರಕ್ಕೆ ಗೊತ್ತು, ಅವರ ಕಣ್ಣಿಗೆ ಗೊತ್ತಿಲ್ಲ. ದೋಸೆ ಹಾಕಿಕೊಟ್ಟರೂ, "ಇದು ಆಗ್ನೇಯಕ್ಕೆ ಜಾಸ್ತಿ ಹೋಗೈತಲ್ಲಮ್ಮಾ" ಎನ್ನುವವರು!

ಮನೆಮನೆಗೂ ಸಿಡಿ ಪ್ಲೇಯರ್ ಬರುತ್ತಿದ್ದ ಕಾಲ. ಅಕ್ಕನಿಗೆ, ಅಂದರೆ ಭಾವನವರ ಹೆಂಡತಿಗೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತಿತ್ತು. ಒಂದು ದಿನ ಆಲ್ಬಮ್ಮನ್ನು ಮೂಗಿಗೇ ಹಿಡಿದುಕೊಂಡು ಕೂತಿದ್ದವರು, "ಫೋಟೋನ ಟೀವಿಯಾಗೆ ದೊಡ್ಡದಾಗಿ ತೋರಿಸ್ತಾರಂತಲ್ರೀ? ಕಣ್ಣು ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನೋಡಾಣ" ಎಂದರು.

ಮರುದಿನ ಬೆಳಿಗ್ಗೆ ಭಾವನವರು ಆಲ್ಬಮ್ಮುಗಳನ್ನು ಚೀಲಕ್ಕೆ ತುಂಬಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದರು. ಅಲ್ಲಿ ಸ್ಟುಡಿಯೋ ಇಟ್ಟಿದ್ದ ರಹೀಮ್ ಭಾಯಿ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಂದರ ಹಿಂದೊಂದು ಬರುವಂತೆ ಸಿಡಿ ಮಾಡಿಕೊಟ್ಟರು.

ಮನೆಮಂದಿಯೆಲ್ಲ ಟೀವಿ ಮುಂದೆ ಕೂತೆವು. ಅಕ್ಕ ಎಲ್ಲರಿಗಿಂತ ಮುಂದೆ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಬಂದು ಹೋದವು. ಅಕ್ಕ ತಿರುಗಿ ಕೇಳಿದರು: "ಎಲ್ಲಾರೂ ಅವ್ರೆ. ನಾನೆಲ್ಲಿ?"

ಹೌದಲ್ಲ! ಅಕ್ಕ ಹಿರಿಸೊಸೆ. ಫೋಟೋದವನು 'ರೆಡಿ' ಎನ್ನುವಾಗ ಅಡುಗೆಮನೆಯಿಂದ ಕೈ ಒರೆಸಿಕೊಂಡು ಓಡಿಬಂದು ತುದಿಗೆ ನಿಲ್ಲುವವರು. ಆಲ್ಬಮ್ಮಿನಲ್ಲಿ ಆ ತುದಿ ಇದೆ, ಟೀವಿಯಲ್ಲಿ ಇಲ್ಲ!

ಭಾವನವರು ಸ್ಕೇಲು ತಂದು ಪರದೆ ಅಳೆದರು, ಆಲ್ಬಮ್ಮನ್ನೂ ಅಳೆದರು. "ನಾಲ್ಕೂ ಕಡೆ ಒತ್ತುವರಿ ಆಗೈತೆ!" ಎಂದು ತೀರ್ಪು ಕೊಟ್ಟರು. ನಮ್ಮ ಟೀವಿ ಒಂದರದ್ದೇ ದುರ್ಬುದ್ಧಿಯೋ ಏನೋ ಎಂದು ಸಿಡಿ, ಸ್ಕೇಲು ಹಿಡಿದು ಪಕ್ಕದ ಮನೆಗಳಿಗೂ ಹೋದರು. ಧಾರಾವಾಹಿ ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದ ಹೆಂಗಸರು ನನ್ನ ಮುಖ ನೋಡುವುದೇ ಬಿಟ್ಟರು. ಎಲ್ಲ ಟೀವಿಗಳದೂ ಅದೇ ಕಥೆ! ಕತ್ತರಿಸಿದ ಆ ಅಂಚು ಹೋಗುವುದಾದರೂ ಎಲ್ಲಿಗೆ? ಸುಳ್ಳೇಕೆ ಹೇಳಲಿ, ಯಾರೂ ಇಲ್ಲದಾಗ ನಾನೂ ಟೀವಿಯ ಹಿಂದೆ ಇಣುಕಿ ಬಂದೆ!

"ಟೀವಿ ಅಂದ್ರೆ ಹಂಗೇ ಸಾರ್, ಅಂಚು ತಿಂತೈತೆ" ಎಂದರು, ಸ್ಟುಡಿಯೋದಲ್ಲಿ ದೂರು ಕೇಳಿದ ರಹೀಮ್ ಭಾಯಿ. "ಫೋಟೋನ ಒಳಕ್ಕೆ ಸರಿಸೋ ಸಾಫ್ಟ್‌ವೇರ್ ಬೇಕು."

"ಹುಡುಕಾಣ ಬಿಡ್ರಿ. ಆಯಮ್ಮ ಕಾಣಂಗಾಗಬೇಕು, ಅಷ್ಟೇ."

ಅಂದಿನಿಂದ ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಬರುವ ಸಿಡಿಗಳೆಲ್ಲ ನಮ್ಮ ಮನೆ ಸೇರಿ, ಅಲ್ಲಿಂದ ರಹೀಮ್ ಭಾಯಿಯ ಕಂಪ್ಯೂಟರಿಗೆ ಹೋದವು. ಹೊಸದುರ್ಗಕ್ಕೆ ಮದುವೆಗೆ ಹೋದರೂ ಭಾವನವರು ಊಟ ಬಿಟ್ಟು ವಿಡಿಯೋದವನ ಪಕ್ಕ ಕೂತು, "ನಿಮ್ಮ ಸಾಫ್ಟ್‌ವೇರ್ ಅಂಚು ಬಿಡ್ತೈತೇನಪ್ಪ?" ಎಂದು ವಿಚಾರಿಸುತ್ತಿದ್ದರು. ತಂದ ಒಂದು ಸಾಫ್ಟ್‌ವೇರ್ ಕಾಸು ಕೊಡುವವರೆಗೆ ಪರೀಕ್ಷೆಗೆ ಮಾತ್ರ ಕೊಟ್ಟಿದ್ದಂತೆ. ಪ್ರತಿ ಫೋಟೋದ ಮೇಲೂ ಇಂಗ್ಲಿಷಿನಲ್ಲಿ ಹಾಗೆಂದು ಅಡ್ಡಪಟ್ಟಿ! "ನಮ್ಮಪ್ಪನ ಹಣೆ ಮೇಲೆ ವಿಭೂತಿ ಅಳಿಸಿ ಇಂಗ್ಲಿಷ್ ಬಳಿದವ್ರೆ!" ಎಂದು ಭಾವನವರು ಕುದಿದರು.

ಇನ್ನೊಂದರಲ್ಲಿ ತೀರಿಕೊಂಡ ಮಾವನವರು ಗುಲಾಬಿ ಬಣ್ಣದ ಹೃದಯದೊಳಗಿಂದ ಗಿರಗಿರನೆ ತಿರುಗುತ್ತಾ ಬಂದು, ಚೂರುಚೂರಾಗಿ ಹಾರಿಹೋದರು. ಅಕ್ಕ ಕೈ ಮುಗಿದರು. ಭಾವನವರು ಸ್ಟುಡಿಯೋಗೆ ಹೋಗಿ ಜಗಳ ತೆಗೆದರು.

"ಬದುಕಿದ್ದಾಗ ಒಂದಿನ ಕುಣಿದೋರಲ್ಲ ನಮ್ಮಪ್ಪ! ಸತ್ತ ಮೇಲೆ ಕುಣಿಸ್ತೀರೇನ್ರಿ ಭಾಯಿ?"

"ಕುಂತ್ಕಳ್ರಿ ಸಾರ್, ಟೀ ಕುಡೀರಿ. ಜನ ಇದನ್ನೇ ಕೇಳಿ ಮಾಡಿಸ್ಕಂತಾರೆ!"

ಹೀಗೇ ಮಳೆಗಾಲ ಕಳೆದು ಚಳಿಗಾಲ ಬಂತು. ಕೊನೆಗೊಂದು ಸಾಫ್ಟ್‌ವೇರ್ ಸಿಕ್ಕಿತು. ಕುಣಿತವಿಲ್ಲ, ಪಟ್ಟಿಯಿಲ್ಲ. ಫೋಟೋವನ್ನು ಬೇಕಾದಷ್ಟು ಕುಗ್ಗಿಸಿ ಸುತ್ತ ಕಪ್ಪು ಜಾಗ ಬಿಡುತ್ತಿತ್ತು. ಭಾವನವರು ಸಿಡಿ ಹಾಕಿ, ಗೆದ್ದವರಂತೆ ನಿಂತರು.

"ಇಗಾ, ಬಂದ್ಯಲ್ಲ! ತುದಿಗೆ ನಿಂತಿದೀಯ ನೋಡು!"

ಅಕ್ಕ ಮುಂದಕ್ಕೆ ಬಾಗಿದರು. ಇನ್ನೂ ಬಾಗಿದರು. "ಎಲ್ರೀ? ಎಲ್ಲಾ ಸಣ್ಣಗಾಗಿಬಿಟ್ಟೈತಲ್ಲ..."

ನಾವು ಸಾಫ್ಟ್‌ವೇರ್ ಹುಡುಕುತ್ತಿದ್ದ ತಿಂಗಳುಗಳಲ್ಲಿ ಅಕ್ಕನ ಕಣ್ಣು ನಮಗಾಗಿ ಕಾದಿರಲಿಲ್ಲ.

ಭಾವನವರು ರಿಮೋಟು ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿದರು. ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತರು.

"ನಾನು ಹೇಳ್ತೀನಿ, ಕೇಳು. ನಮ್ಮ ತಮ್ಮನ ಮದುವೆ ಇದು. ಬಲಗಡೆ ತುದಿಗೆ ನೀನು. ಬದನೇಕಾಯಿ ಬಣ್ಣದ ಸೀರೆ, ಹಳದಿ ಅಂಚು. ಕೈ ತುಂಬ ಹಸಿರು ಬಳೆ."

"ಕೆಂಪು ಬಳೆ ಕಣ್ರೀ."

"ಹಸಿರು. ಕೆಂಪವು ಹಿಂದಿನ ದಿನ ನೀರು ಸೇದುವಾಗ ಒಡೆದಿದ್ವು."

ಅಕ್ಕ ಕೈಯ ಬಳೆಗಳನ್ನು ಒಮ್ಮೆ ಸವರಿಕೊಂಡರು. ಆಮೇಲೆ, "ಹೂಂ, ಕಾಣ್ತೈತೆ. ಮುಂದಿಂದು ಹೇಳ್ರಿ" ಎಂದರು.

ನಾನು ಟೀವಿಯ ಕಡೆ ನೋಡಿದೆ. ನನ್ನ ಮದುವೆಯ ಫೋಟೋಗಳೆಲ್ಲ ಕಪ್ಪು ಬಿಳುಪು.